ಟೈಲ್‌ಪೈಪ್ ಬಿಸಿಗೆ ಸುಡುತ್ತಿದ್ದ ಮಡ್‌ಫ್ಲಾಪ್: ಕ್ಯಾರವಾನ್ ಎಳೆಯುವ ಒಂದು ಪಿಕಪ್‌ನ ಪ್ರಕರಣ

ಈ ಪಿಕಪ್‌ನ ಬಲಗಡೆಯ ಮಡ್‌ಫ್ಲಾಪ್ ಸುಟ್ಟಿತ್ತು. ಮಾಲೀಕರು ಹೊಸದು ಹಾಕಿಸಿದರು. ಅದೂ ಅದೇ ಜಾಗದಲ್ಲಿ ಸುಟ್ಟಿತು. ಎಡಗಡೆಯದಕ್ಕೆ ಮಾತ್ರ ಏನೂ ಆಗಿರಲಿಲ್ಲ. ಗಾಡಿ ನಮ್ಮ ವರ್ಕ್‌ಶಾಪ್‌ಗೆ ಬಂದಿದ್ದು ಅದಾದ ಮೇಲೆ.

ಗಾಡಿ ಡೀಸೆಲ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವಂಥದ್ದು. ಹಿಂದೆ ಕ್ಯಾರವಾನ್, ಅಂದರೆ ಮನೆಯಂಥ ಟ್ರೇಲರ್, ಎಳೆಯುತ್ತದೆ. ಚಕ್ರ ಎರಚುವ ಕಲ್ಲು, ಕೆಸರು ಕ್ಯಾರವಾನ್‌ನ ಮುಂಭಾಗಕ್ಕೆ ಬಡಿಯಬಾರದು ಅಂತ ಹಿಚ್‌ಗೆ (ಕ್ಯಾರವಾನ್ ಸಿಕ್ಕಿಸುವ ಕೊಂಡಿಗೆ) ಬಿಗಿಯುವ ಅಗಲವಾದ ಫ್ಲಾಪ್ ಹಾಕಿಸಿದ್ದರು. ಚಕ್ರದ ಬೆನ್ನಿಗೇ ಇರುವ ಚಿಕ್ಕ ಫ್ಲಾಪ್‌ಗಳಿಗಿಂತ ಇವು ಬೇರೆ. ಬಂಪರ್ ಹಿಂದೆ ಒಂದು ಅಡ್ಡ ರಾಡ್ ಇರುತ್ತದೆ. ಅದರ ಎರಡೂ ತುದಿಯಿಂದ ದಪ್ಪ ರಬ್ಬರ್ ನೇತಾಡುತ್ತದೆ. ಕಲ್ಲು ತಡೆಯುವುದಕ್ಕೆ ತುಂಬ ಒಳ್ಳೆಯ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ಪೈಪಿನ ಬಾಯಿ ಹಿಂಚಕ್ರ ಮತ್ತು ಬಂಪರ್ ನಡುವೆ ಇರುತ್ತದೆ. ಫ್ಲಾಪ್ ಬಂದು ನಿಲ್ಲುವುದು ಸರಿಯಾಗಿ ಆ ಬಾಯಿಯ ಎದುರಿಗೆ.

"ಇದಕ್ಕಿಂತ ಜಾಸ್ತಿ ಬಿಸಿ ತಡೆಯೋ ರಬ್ಬರ್ ಸಿಗಲ್ವಾ ಸರ್? ಸಿಲಿಕೋನ್ ಹಾಕಿದ್ರೆ ಹೇಗೆ?" ಅಂತ ಮಾಲೀಕರು ಕೇಳಿದರು. ಫ್ಲಾಪ್ ಸುಟ್ಟವರೆಲ್ಲ ಮೊದಲು ಕೇಳುವುದು ಇದನ್ನೇ. ನಾನಂತೂ ರಬ್ಬರ್ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹೊಗೆ ಯಾವ ದಿಕ್ಕಿಗೆ ಹೋಗುತ್ತಿದೆ, ಯಾವ ಹೊತ್ತಿನಲ್ಲಿ ಅತಿ ಬಿಸಿಯಾಗಿ ಹೋಗುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಎಂಥಾ ರಬ್ಬರ್ ಹಾಕಿದರೂ ಸುಡುವ ದಿನವನ್ನು ಸ್ವಲ್ಪ ಮುಂದೂಡಿದಂತೆ, ಅಷ್ಟೇ.

ಸುಟ್ಟ ಫ್ಲಾಪ್ ಏನು ಹೇಳಿತು

ಫ್ಲಾಪ್ ಬಿಚ್ಚಿ, ತೊಳೆಯದೆ, ಬೆಳಕಿಗೆ ಹಿಡಿದು ನೋಡಿದೆವು. ತೊಳೆದರೆ ಮಸಿಯ ಗುರುತು ಹೋಗುತ್ತದೆ. ಆ ಮಸಿಯೇ ನಮಗೆ ಬೇಕಾದ ಸಾಕ್ಷಿ.

ಪೈಪಿಗೆ ಎದುರಾದ ಮುಖದಲ್ಲಿ ಅಂಗೈ ಅಗಲದ ಒಂದು ಕಲೆ ಇತ್ತು. ಅಲ್ಲಿ ರಬ್ಬರ್ ಹೊಳೆಯುತ್ತಿತ್ತು, ಗಟ್ಟಿಯಾಗಿತ್ತು. ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಬಾಯಿಬಿಡುತ್ತಿದ್ದವು. ಕಲೆಯ ನಡುವೆ ತೂತು. ತೂತಿನ ಅಂಚು ಉಗುರಿಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಮಸಿ ಮೇಲ್ಮುಖವಾಗಿ ಹರಡಿತ್ತು. ಹಿಂದಿನ ಮುಖ ಮಾತ್ರ ತೂತನ್ನು ಬಿಟ್ಟರೆ ಬಹುತೇಕ ಚೆನ್ನಾಗಿತ್ತು. ಕಲ್ಲು ಬಡಿದು ಹರಿದ ಫ್ಲಾಪ್ ಹೀಗೆ ಕಾಣುವುದಿಲ್ಲ. ಅದರಲ್ಲಿ ಸೀಳು ಇರುತ್ತದೆ, ಕೆರೆದ ಗೀರು ಇರುತ್ತದೆ, ಆದರೆ ರಬ್ಬರಿನ ಮೆದುತನ ಹಾಗೇ ಉಳಿದಿರುತ್ತದೆ.

ಗಟ್ಟಿಯಾಗಿ ಬಿರುಕು ಬಿಟ್ಟಿದೆ ಅಂದರೆ ಅದು ಬಿಸಿಗೆ ಬೆಂದು ವಯಸ್ಸಾದ ರಬ್ಬರ್. ಎಸ್‌ಬಿಆರ್‌ನಂಥ ಸಿಂಥೆಟಿಕ್ ರಬ್ಬರ್ ಬಿಸಿಗೆ ಹೀಗೇ ಗಟ್ಟಿಯಾಗುತ್ತದೆ. ನೈಸರ್ಗಿಕ ರಬ್ಬರ್ ಮೊದಲು ಮೆತ್ತಗಾಗಿ ಅಂಟಂಟಾಗುತ್ತದೆ. ಪ್ಲಾಸ್ಟಿಕ್ ಫ್ಲಾಪ್ ಆಗಿದ್ದರೆ ಇದ್ಯಾವುದೂ ಅಲ್ಲ, ನೇರವಾಗಿ ಕರಗಿ ಜೋತುಬೀಳುತ್ತದೆ. ಪಾಲಿಎಥಿಲೀನ್ ಕರಗುವುದಕ್ಕೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಸಾಕು, ಪಾಲಿಪ್ರೊಪಿಲೀನ್‌ಗೆ ಸುಮಾರು 160. ರಬ್ಬರ್ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಬೇಕು. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ವಯಸ್ಸಾಗುವ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ. ಹಾಗಾಗಿ ಫ್ಲಾಪ್ ಬೆಂಕಿ ಹತ್ತಿಕೊಂಡು ಹಾಳಾಗಬೇಕು ಅಂತೇನಿಲ್ಲ. ದಿನದಿನವೂ ಮಿತಿಗಿಂತ ಮೂವತ್ತು ನಲವತ್ತು ಡಿಗ್ರಿ ಜಾಸ್ತಿ ಸಹಿಸಿದರೂ ಅದರ ಆಯಸ್ಸು ಮುಗಿಯಿತು.

ಇಷ್ಟೇ ಆಗಿದ್ದರೆ ಕೇಸು ಸುಲಭ. ಆದರೆ ಫ್ಲಾಪ್‌ನ ಕೆಳತುದಿಯ ಹತ್ತಿರ ಇನ್ನೊಂದು ಗುರುತಿತ್ತು. ಕುಡುಗೋಲಿನ ಆಕಾರದ, ಬೆರಳಗಲದ ಕರಕಲು ಗೆರೆ. ಪೈಪಿನ ಬಾಯಿಯ ಅಂಚಿಗೆ ಹಿಡಿದು ನೋಡಿದರೆ ಆ ಬಾಗು ಸರಿಯಾಗಿ ಕೂತುಕೊಂಡಿತು. ಇದು ಹೊಗೆ ತಾಗಿ ಆದದ್ದಲ್ಲ. ಫ್ಲಾಪ್ ಹೋಗಿ ಬಿಸಿ ಪೈಪಿಗೆ ಅಂಟಿಕೊಂಡಿದೆ. ಒಂದೇ ಫ್ಲಾಪ್‌ನಲ್ಲಿ ಎರಡು ಬೇರೆ ಬೇರೆ ತೊಂದರೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟಿದ್ದರೆ ಮೂರನೇ ಫ್ಲಾಪ್ ಕೂಡ ಹೋಗುತ್ತಿತ್ತು.

ಅಂಟಿಕೊಂಡದ್ದರ ಕಾರಣ ಬೇಗ ಸಿಕ್ಕಿತು. ಫ್ಲಾಪ್ ಉದ್ದವನ್ನು ಖಾಲಿ ಗಾಡಿಯಲ್ಲಿ ಅಳೆದು ಬಿಗಿದಿದ್ದರು. ಕ್ಯಾರವಾನ್ ಹಿಚ್ ಮಾಡಿದರೆ ಗಾಡಿಯ ಹಿಂಭಾಗ ಕೂರುತ್ತದೆ, ಫ್ಲಾಪ್‌ನ ತುದಿ ನೆಲ ಮುಟ್ಟುವಷ್ಟು ಇಳಿಯುತ್ತದೆ. ರಿವರ್ಸ್ ತೆಗೆದುಕೊಂಡಾಗ ತುದಿ ನೆಲಕ್ಕೆ ಸಿಕ್ಕಿ ಮುಂದಕ್ಕೆ ಮಡಚುತ್ತದೆ. ಮಡಚಿದರೆ ಎದುರಿಗೇ ಪೈಪ್. ಇದಕ್ಕೆ ಮದ್ದು ಅಂದರೆ ಟ್ರೇಲರ್ ಹಿಚ್ ಮಾಡಿ, ತುಂಬಬೇಕಾದ ಸಾಮಾನೆಲ್ಲ ತುಂಬಿ, ಆಮೇಲೆ ಅಳೆದು ಕತ್ತರಿಸುವುದು. ಹಾಗೇ ಮಾಡಿದೆವು.

ಹೊಳೆಯುವ ಟಿಪ್

ದೊಡ್ಡ ಕಲೆಗೆ ಕಾರಣ ಹುಡುಕಲು ಪೈಪಿನ ಬಾಯಿ ನೋಡಿದೆವು. ಅಲ್ಲಿ ಕಂಪನಿಯ ಟಿಪ್, ಅಂದರೆ ಪೈಪಿನ ತುದಿಗೆ ಹಾಕುವ ತುಂಡು, ಇರಲಿಲ್ಲ. ಬದಲಿಗೆ ಪಾಲಿಶ್ ಮಾಡಿದ, ನೇರವಾದ, ಉದ್ದನೆಯ ಸ್ಟೀಲ್ ಟಿಪ್ ಇತ್ತು. ಹಳೆಯದನ್ನು ಮಾಲೀಕರು ಎಸೆದಿರಲಿಲ್ಲ, ತಂದುಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅರ್ಧ ಉತ್ತರ ಸಿಕ್ಕಿತು.

ಕಂಪನಿಯ ಟಿಪ್ ಹೊರಗಡೆಗೆ ಮತ್ತು ಸ್ವಲ್ಪ ಕೆಳಕ್ಕೆ ಬಾಗಿತ್ತು. ಪೈಪಿಗೂ ಟಿಪ್‌ಗೂ ನಡುವೆ ಸುತ್ತ ಒಂದು ಸಂದು ಇತ್ತು. ಡಿಪಿಎಫ್ ಇರುವ ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಇಂಥ ಟಿಪ್ ಇರುತ್ತದೆ. ಆ ಸಂದನ್ನು ನೋಡಿ ವೆಲ್ಡಿಂಗ್ ಬಿಟ್ಟುಹೋಗಿದೆ ಅಂದುಕೊಳ್ಳುವವರಿದ್ದಾರೆ. ಅದು ಬೇಕಂತಲೇ ಇಟ್ಟದ್ದು. ಹೊಗೆ ಜೋರಾಗಿ ನುಗ್ಗುವಾಗ ಆ ಸಂದಿನಿಂದ ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಎರಡೂ ಬೆರೆತು, ಹೊರಬೀಳುವಷ್ಟರಲ್ಲಿ ಬಿಸಿ ಎಷ್ಟೋ ಇಳಿದಿರುತ್ತದೆ. ಹೊಳೆಯುವ ಟಿಪ್‌ನಲ್ಲಿ ಸಂದೂ ಇಲ್ಲ, ಬಾಗೂ ಇಲ್ಲ. ಮೇಲಾಗಿ ಅದು ಉದ್ದ. ಹೊಗೆ ತಣ್ಣಗಾಗದೆ, ನೇರವಾಗಿ, ಇನ್ನೂ ಹತ್ತಿರದಿಂದ ಫ್ಲಾಪ್‌ಗೆ ಬಡಿಯುತ್ತಿತ್ತು. ಟಿಪ್ ಒಂದೇ ಇದ್ದರೆ ತೊಂದರೆ ಇರಲಿಲ್ಲ, ಫ್ಲಾಪ್ ಒಂದೇ ಇದ್ದರೂ ಬಹುಶಃ ತಡೆದುಕೊಳ್ಳುತ್ತಿತ್ತು. ಎರಡೂ ಒಂದೇ ಗಾಡಿಯಲ್ಲಿ ಸೇರಿದ್ದೇ ಸಮಸ್ಯೆ.

ಇಲ್ಲಿ ದೂರದ ಲೆಕ್ಕ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಪೈಪಿನ ಬಾಯಿ ಸುಮಾರು 90 ಮಿ.ಮೀ. ಅಗಲ. ಬಾಯಿಗೂ ಫ್ಲಾಪ್‌ಗೂ 110 ಮಿ.ಮೀ. ಅಂತರ. "ಫ್ಲಾಪ್ ನಾಲ್ಕು ಬೆರಳು ಹಿಂದಕ್ಕೆ ಸರಿಸಿದ್ರೆ ಸಾಕು" ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಪೈಪಿನಿಂದ ಚಿಮ್ಮುವ ಗಾಳಿಯ ಸ್ವಭಾವ ಬೇರೆ. ಹೊರಬಿದ್ದ ಮೇಲೆ ಸುತ್ತಲಿನ ಗಾಳಿ ಅಂಚಿನಿಂದ ಬೆರೆಯುತ್ತಾ ಹೋಗುತ್ತದೆ. ನಡುವಿನ ತಿರುಳು ಮಾತ್ರ ಬಾಯಿಯ ಅಗಲದ ನಾಲ್ಕರಿಂದ ಆರು ಪಟ್ಟು ದೂರದವರೆಗೆ ಹೆಚ್ಚುಕಡಿಮೆ ಹಾಗೇ ಬಿಸಿಯಾಗಿ ಉಳಿಯುತ್ತದೆ. 90 ಮಿ.ಮೀ. ಪೈಪಿಗೆ ಅದು ಸುಮಾರು 45 ಸೆಂ.ಮೀ. ಆಯಿತು. ಅಷ್ಟರೊಳಗೆ ಫ್ಲಾಪ್ ಎಲ್ಲಿದ್ದರೂ ತಿರುಳು ನೇರವಾಗಿ ಬಡಿದರೆ ಸುಡುವುದು ಸುಡುವುದೇ. 45 ಸೆಂ.ಮೀ. ಹಿಂದಕ್ಕೆ ಸರಿಸಲು ಹೋದರೆ ಫ್ಲಾಪ್ ಕ್ಯಾರವಾನ್‌ನ ಎ-ಫ್ರೇಮಿಗೆ (ಮುಂದಕ್ಕೆ ಚಾಚಿದ ಎಳೆಯುವ ಚೌಕಟ್ಟಿಗೆ) ಹೋಗಿ ತಗಲುತ್ತದೆ. ಹಾಗಾಗಿ ಫ್ಲಾಪನ್ನು ಹೊಗೆಯ ದಾರಿಯಿಂದ ಪೂರ್ತಿ ತಪ್ಪಿಸಬೇಕು, ಇಲ್ಲವೇ ಹೊಗೆಯ ದಾರಿಯನ್ನೇ ತಿರುಗಿಸಬೇಕು.

ಪೈಪಿನ ಲೋಹ ಸೂಸುವ ಶಾಖಕ್ಕೆ ಮಾತ್ರ ದೂರ ಲೆಕ್ಕಕ್ಕೆ ಬರುತ್ತದೆ. ಆ ಶಾಖ ಏರುವ ರೀತಿ ಕೂಡ ಊಹೆಗೆ ಸಿಗುವಂಥದ್ದಲ್ಲ. ಅದು ನಿರಪೇಕ್ಷ ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಪೈಪ್ 300 ಡಿಗ್ರಿಯಿಂದ 500 ಡಿಗ್ರಿಗೆ ಹೋದರೆ ಸೂಸುವ ಶಾಖ ಮೂರು ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಸುಟ್ಟದ್ದು ಯಾವಾಗ

ಮಾಲೀಕರ ನಂಬಿಕೆ ಏನೆಂದರೆ, ಭಾರ ಎಳೆದುಕೊಂಡು ಏರು ಹತ್ತುವಾಗ ಫ್ಲಾಪ್ ಸುಡುತ್ತದೆ. ಎಂಜಿನ್ ಜಾಸ್ತಿ ದುಡಿಯುತ್ತದೆ, ಹೊಗೆ ಜಾಸ್ತಿ ಬಿಸಿ, ಅಲ್ವಾ? ಮಾತು ಸರಿಯೇ. ಆದರೆ ಆಗ ಗಾಡಿ ಓಡುತ್ತಿರುತ್ತದೆ. ಗಾಳಿಗೆ ಫ್ಲಾಪ್ ಹಿಂದಕ್ಕೆ ಓರೆಯಾಗುತ್ತದೆ, ಹೊಗೆಯೂ ಚದುರುತ್ತದೆ.

ನಮಗೆ ಅನುಮಾನ ಬಂದಿದ್ದು ಡಿಪಿಎಫ್ ರಿಜನರೇಷನ್ ಮೇಲೆ. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಸುಡಲು ಗಾಡಿ ತಾನೇ ಒಳಗಿನ ಬಿಸಿಯನ್ನು 550ರಿಂದ 650 ಡಿಗ್ರಿಗೆ ಏರಿಸುತ್ತದೆ. ಈ ಗಾಡಿಯಲ್ಲಿ ನಿಂತಲ್ಲೇ ರಿಜನರೇಷನ್ ಮಾಡುವ ಸೌಲಭ್ಯವಿದೆ. ಮಾಲೀಕರು ಕ್ಯಾರವಾನ್ ಇಲ್ಲದ ದಿನಗಳಲ್ಲಿ ಹತ್ತಿರ ಹತ್ತಿರದ ಓಡಾಟಕ್ಕೂ ಇದೇ ಗಾಡಿ ಬಳಸುತ್ತಾರೆ. ಚಿಕ್ಕ ಓಟದಲ್ಲಿ ಎಕ್ಸಾಸ್ಟ್ ಸರಿಯಾಗಿ ಬಿಸಿಯೇರುವುದಿಲ್ಲ, ಮಸಿ ಬೇಗ ತುಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ದೀಪ ಹತ್ತಿದಾಗ ಗಾಡಿ ನಿಲ್ಲಿಸಿ ರಿಜನರೇಷನ್ ಹಾಕುತ್ತಿದ್ದರು. ಆಗ ಗಾಳಿ ಇಲ್ಲ, ಫ್ಲಾಪ್ ನೆಟ್ಟಗೆ ನೇತಾಡುತ್ತಿರುತ್ತದೆ, ಎಂಜಿನ್ ಆರ್‌ಪಿಎಂ ಏರಿರುತ್ತದೆ. ಆ ಬಿಸಿ ಹೊಗೆ ಎಷ್ಟೋ ನಿಮಿಷಗಳ ಕಾಲ ಒಂದೇ ಜಾಗಕ್ಕೆ ಬಡಿಯುತ್ತಿರುತ್ತದೆ.

ಅನುಮಾನ ಪರೀಕ್ಷಿಸಲು ತಾಪ ತೋರಿಸುವ ಅಂಟುಪಟ್ಟಿ ಬಳಸಿದೆವು. ಪಟ್ಟಿಯ ಒಂದೊಂದು ಚೌಕವೂ ಒಂದೊಂದು ಡಿಗ್ರಿಗೆ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಎಡಗಡೆಯ ಫ್ಲಾಪನ್ನು ತಂದು ಬಲಗಡೆಗೆ ಬಿಗಿದು, ಎರಡೂ ಮುಖಕ್ಕೆ ಪಟ್ಟಿ ಅಂಟಿಸಿದೆವು. ಕ್ಯಾರವಾನ್ ಎಳೆದುಕೊಂಡು ಉದ್ದನೆಯ ಏರು ಹತ್ತಿ ಬಂದಾಗ ಕಡಿಮೆ ಡಿಗ್ರಿಯ ಚೌಕಗಳು ಮಾತ್ರ ಕಪ್ಪಾಗಿದ್ದವು. ಹೊಸ ಪಟ್ಟಿ ಅಂಟಿಸಿ ನಿಂತಲ್ಲೇ ರಿಜನರೇಷನ್ ಹಾಕಿದೆವು. ಪೈಪಿನ ಎದುರಿನ ಪಟ್ಟಿ ಪೂರ್ತಿ ಕಪ್ಪಾಯಿತು, ರಬ್ಬರ್ ವಾಸನೆ ಬರತೊಡಗಿತು. ಅಲ್ಲಿಗೇ ನಿಲ್ಲಿಸಿದೆವು. ಫ್ಲಾಪ್ ಸುಟ್ಟಿದ್ದು ಭಾರ ಎಳೆಯುವಾಗ ಅಲ್ಲ, ಸುಮ್ನೆ ನಿಂತಾಗ.

ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಒಣಹುಲ್ಲಿನ ಮೇಲಂತೂ ಬೇಡವೇ ಬೇಡ. ರಿಜನರೇಷನ್ ಹೊಗೆಗೆ ಹುಲ್ಲು ಹತ್ತಿಕೊಳ್ಳುತ್ತದೆ.

ಇನ್ಫ್ರಾರೆಡ್ ಗನ್ ಹಿಡಿದು ಪೈಪಿನ ಬಿಸಿ ನೋಡುವವರಿಗೆ ಒಂದು ಮಾತು. ಹೊಳೆಯುವ ಸ್ಟೀಲ್‌ಗೆ ಗನ್ ಹಿಡಿದರೆ ನಿಜವಾದ ಬಿಸಿಗಿಂತ ಬಹಳ ಕಡಿಮೆ ತೋರಿಸುತ್ತದೆ. ಹೊಗೆಯ ಬಿಸಿಯನ್ನಂತೂ ಅದು ತೋರಿಸುವುದೇ ಇಲ್ಲ. ಬಿಸಿ ತಡೆಯುವ ಕಪ್ಪು ಪೇಂಟನ್ನು ಟಿಪ್ ಮೇಲೆ ಬೊಟ್ಟಿನಷ್ಟು ಬಳಿದು, ಅದಕ್ಕೆ ಗನ್ ಹಿಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ.

ಮಾಡಿದ ಕೆಲಸ

ಮೊದಲು ಕಂಪನಿಯ ಟಿಪ್ ವಾಪಸ್ ಹಾಕಿದೆವು. ಅದರ ಸಂದಿನಲ್ಲಿ ಒಣಗಿದ ಕೆಸರು ತುಂಬಿತ್ತು. ಕೆರೆದು ತೆಗೆಯದಿದ್ದರೆ ಟಿಪ್ ಹಾಕಿಯೂ ಪ್ರಯೋಜನವಿರಲಿಲ್ಲ. ಮತ್ತೆ ಪಟ್ಟಿ ಅಂಟಿಸಿ ರಿಜನರೇಷನ್ ಹಾಕಿದಾಗ ಬಿಸಿಯ ಕಲೆ ಫ್ಲಾಪ್‌ನ ನಡುವಿನಿಂದ ಹೊರ ಅಂಚಿಗೆ ಸರಿದಿತ್ತು. ಬಿಸಿಯೂ ಇಳಿದಿತ್ತು. ಆದರೆ ಆ ಅಂಚಿನಲ್ಲಿ ರಬ್ಬರ್ ಸಹಿಸುವುದಕ್ಕಿಂತ ಇನ್ನೂ ಜಾಸ್ತಿಯೇ ಇತ್ತು.

ಆ ಅಂಚಿನಲ್ಲಿ ರಬ್ಬರನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿದೆವು. ಕತ್ತರಿಸುವಾಗ ಮೂಲೆ ಚೂಪಾಗಿ ಬಿಡಬಾರದು. ಚೂಪು ಮೂಲೆಯಿಂದ ಸೀಳು ಶುರುವಾಗಿ ಇಡೀ ಫ್ಲಾಪ್ ಹರಿಯುತ್ತದೆ. ಹೋಲ್‌ಸಾದಿಂದ ಮೊದಲು ದುಂಡನೆ ತೂತು ಮಾಡಿ, ಅಲ್ಲಿಂದ ಅಂಚಿನವರೆಗೆ ಕೊಯ್ದರೆ ಒಳ್ಳೆಯದು. ಫ್ಲಾಪ್ ಚಕ್ರದ ಅಗಲವನ್ನು ಪೂರ್ತಿ ಮುಚ್ಚಬೇಕು ಅಂತ ಕಾನೂನಿರುವ ಕಡೆ ಸುಮ್ನೆ ಕತ್ತರಿಸಿ ಬಿಡುವಂತಿಲ್ಲ. ಕಲ್ಲು ತಡೆಯುವ ದೃಷ್ಟಿಯಿಂದಲೂ ಬಿಡಬಾರದು. ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತಗಡು ಕೊಟ್ಟೆವು.

ತಗಡಿನ ವಿಷಯದಲ್ಲಿ ಕೆಲವು ಸೂಕ್ಷ್ಮಗಳಿವೆ. ತಗಡನ್ನು ರಬ್ಬರಿಗೇ ಒತ್ತಿ ಬೋಲ್ಟ್ ಹಾಕಿದರೆ ಅದು ಬಿಸಿಯನ್ನು ತಡೆಯುವ ಬದಲು ರಬ್ಬರಿಗೆ ದಾಟಿಸುತ್ತದೆ, ಕಾದ ಹೆಂಚನ್ನು ಬಟ್ಟೆಯ ಮೇಲೆ ಇಟ್ಟಂತೆ. ಹಾಗಾಗಿ ತಗಡನ್ನು ಅಡ್ಡ ರಾಡಿನ ಬ್ರಾಕೆಟ್‌ಗೆ ಬಿಗಿದು, ರಬ್ಬರಿಗಿಂತ 20 ಮಿ.ಮೀ. ಮುಂದೆ ನಿಲ್ಲಿಸಿದೆವು. ನಡುವಿನ ಜಾಗ ಮೇಲೂ ಕೆಳಗೂ ತೆರೆದಿದೆ. ಬಿಸಿ ಗಾಳಿ ಮೇಲೆ ಹೋಗುತ್ತದೆ, ಕೆಳಗಿನಿಂದ ತಣ್ಣನೆಯದು ಬರುತ್ತದೆ. ಅಲ್ಯೂಮಿನಿಯಂ ಹಗುರ, ಬಗ್ಗಿಸುವುದೂ ಸುಲಭ. ಆದರೂ ಬಿಟ್ಟೆವು. ಅದು ಶಾಖವನ್ನು ಸ್ಟೇನ್‌ಲೆಸ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಸಾಗಿಸುತ್ತದೆ, ಬ್ರಾಕೆಟ್‌ವರೆಗೂ ಒಯ್ದು ಮುಟ್ಟಿಸುತ್ತದೆ. 660 ಡಿಗ್ರಿಗೆ ಕರಗುವ ಲೋಹವನ್ನು ರಿಜನರೇಷನ್ ಹೊಗೆಯ ಎದುರು ನಿಲ್ಲಿಸಲು ಮನಸ್ಸೂ ಬರಲಿಲ್ಲ.

ಬೋಲ್ಟ್ ತೂತುಗಳನ್ನು ದುಂಡಗೆ ಕೊರೆಯದೆ ಉದ್ದುದ್ದ ಮಾಡಿದೆವು. 30 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ತಗಡು 400 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಜಾಗ ಕೊಡದಿದ್ದರೆ ತಗಡು ಉಬ್ಬಿ ರಬ್ಬರಿಗೆ ತಾಗುತ್ತದೆ. ಲಾಕ್ ನಟ್ ಕೂಡ ಪೂರ್ತಿ ಲೋಹದ್ದೇ ಹಾಕಬೇಕು. ಒಳಗೆ ನೈಲಾನ್ ಉಂಗುರ ಇರುವ ನಟ್‌ಗಳು ಸುಮಾರು 120 ಡಿಗ್ರಿವರೆಗೆ ಮಾತ್ರ ಹಿಡಿತ ಉಳಿಸಿಕೊಳ್ಳುತ್ತವೆ. ಓಡುವ ಗಾಡಿಯಿಂದ ತಗಡು ಕಳಚಿ ಹಿಂದೆ ಬರುವವರ ಮೇಲೆ ಬಿದ್ದರೆ ಫ್ಲಾಪ್ ಸುಟ್ಟದ್ದೇ ವಾಸಿಯಾಗಿತ್ತು ಅನ್ನಿಸುತ್ತದೆ.

ಕೊನೆಯದಾಗಿ ತಗಡಿನ ಹೊರ ಅಂಚನ್ನು ಸ್ವಲ್ಪ ಬಾಗಿಸಿದೆವು. ತಾಗಿದ ಹೊಗೆ ಪಕ್ಕಕ್ಕೆ ಸರಿದು ಹೋಗಲಿ ಅಂತ. ಹೊಗೆಯನ್ನು ಟೈರ್ ಕಡೆಗೆ ತಿರುಗಿಸಬಾರದು. ಕ್ಯಾರವಾನ್‌ನ ಮುಂದಿನ ಕಿಟಕಿ, ಗಾಳಿಕಿಂಡಿಗಳ ಕಡೆಗೂ ತಿರುಗಿಸಬಾರದು. ಪೈಪನ್ನೇ ಮೋಟು ಮಾಡಿ ಬಾಡಿಯ ಅಡಿಯಲ್ಲಿ ಮುಗಿಸುವ ಸಲಹೆಯನ್ನೂ ಮಾಲೀಕರಿಗೆ ಯಾರೋ ಕೊಟ್ಟಿದ್ದರು. ಅದನ್ನು ಖಡಾಖಂಡಿತವಾಗಿ ಬೇಡ ಅಂದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಡಿಯ ಅಡಿಯಲ್ಲಿ ನಿಂತ ಹೊಗೆ ಕ್ಯಾಬಿನ್ ಒಳಗೆ ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪೈಪಿಗೆ ಶಾಖ ತಡೆಯುವ ಬಟ್ಟೆ ಸುತ್ತುವ ಉಪಾಯವನ್ನೂ ಕೈಬಿಟ್ಟೆವು. ಬಟ್ಟೆ ಸುತ್ತಿದರೆ ಪೈಪಿನ ಹೊರಮೈ ತಣ್ಣಗಿರುತ್ತದೆ, ನಿಜ. ಆದರೆ ಆ ಬಿಸಿ ಹೊಗೆಯಲ್ಲೇ ಉಳಿದು ಬಾಯಿಯಿಂದ ಇನ್ನೂ ಬಿಸಿಯಾಗಿ ಹೊರಬರುತ್ತದೆ. ಈ ಗಾಡಿಗೆ ಅದು ಉಲ್ಟಾ ಔಷಧಿ. ಒದ್ದೆಯಾದ ಬಟ್ಟೆ ಪೈಪಿಗೆ ತುಕ್ಕನ್ನೂ ತರುತ್ತದೆ.

ಇನ್ನು ಮಾಲೀಕರು ಮೊದಲು ಕೇಳಿದ ಸಿಲಿಕೋನ್. ಅದು 200 ಡಿಗ್ರಿಗಿಂತ ಮೇಲೂ ತಡೆಯುತ್ತದೆ. ಆದರೆ ಬೇಗ ಹರಿಯುತ್ತದೆ, ಕಲ್ಲಿನ ಏಟು ತಿನ್ನುವ ಕೆಲಸಕ್ಕೆ ಅಲ್ಲ. ಇಪಿಡಿಎಂ ರಬ್ಬರ್ 120ರಿಂದ 150 ಡಿಗ್ರಿವರೆಗೆ ಬಾಳುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ. ಹೊಸ ಫ್ಲಾಪ್ ಅದರದ್ದನ್ನೇ ಹಾಕಿದೆವು. ಹೊಗೆಯನ್ನು ತಪ್ಪಿಸಿದ ಮೇಲೆ ಅಷ್ಟು ಸಾಕಾಯಿತು.

ಆಮೇಲೆ

ಎಲ್ಲ ಮುಗಿದ ಮೇಲೆ ಮತ್ತೆ ನಿಂತಲ್ಲೇ ರಿಜನರೇಷನ್ ಹಾಕಿ ಪೂರ್ತಿ ಮುಗಿಯುವವರೆಗೆ ಬಿಟ್ಟೆವು. ತಗಡಿನ ಹಿಂದೆ ರಬ್ಬರಿಗೆ ಅಂಟಿಸಿದ ಪಟ್ಟಿಯಲ್ಲಿ 88 ಡಿಗ್ರಿಯ ಚೌಕದವರೆಗೆ ಕಪ್ಪಾಗಿ, ಮೇಲಿನವು ಬಿಳಿಯಾಗೇ ಉಳಿದವು. ಇಪಿಡಿಎಂ‌ಗೆ ಅದು ಲೆಕ್ಕಕ್ಕೇ ಇಲ್ಲ.

ಮಾಲೀಕರ ಅಭ್ಯಾಸವೂ ಬದಲಾಗಿದೆ. ದೀಪ ಹತ್ತಿದರೆ ಈಗ ಗಾಡಿ ನಿಲ್ಲಿಸುವುದಿಲ್ಲ. ಸಾಧ್ಯವಾದಾಗಲೆಲ್ಲ ಹೆದ್ದಾರಿಗೆ ಒಯ್ದು ಒಂದೇ ವೇಗದಲ್ಲಿ ಓಡಿಸುತ್ತಾರೆ, ರಿಜನರೇಷನ್ ಓಟದಲ್ಲೇ ಮುಗಿಯುತ್ತದೆ. ನಿಂತಲ್ಲೇ ಮಾಡಲೇಬೇಕಾಗಿ ಬಂದರೆ ಹಿಚ್‌ನ ಪಿನ್ ಎಳೆದು ಅಡ್ಡ ರಾಡನ್ನು ಫ್ಲಾಪ್ ಸಮೇತ ತೆಗೆದಿಡುತ್ತಾರೆ. ಹಿಚ್‌ಗೆ ಬಿಗಿಯುವ ಫ್ಲಾಪ್‌ನ ಅನುಕೂಲವೇ ಅದು. ಕ್ಯಾರವಾನ್ ಇಲ್ಲದ ದಿನ ಅದನ್ನು ಹಾಕಿಕೊಂಡು ತಿರುಗುವ ಅಗತ್ಯವಾದರೂ ಏನಿದೆ?

ಮಳೆಗಾಲ ದಾಟಿದ ಮೇಲೆ ಗಾಡಿ ತಪಾಸಣೆಗೆ ಬಂತು. ರಬ್ಬರ್ ಮೆತ್ತಗೇ ಇತ್ತು, ಬಗ್ಗಿಸಿದರೆ ಬಿರುಕಿಲ್ಲ. ತಗಡು ಮಾತ್ರ ಕೆಸರಿನಿಂದ ಮುಚ್ಚಿಹೋಗಿತ್ತು, ಹಿಂದಿನ 20 ಮಿ.ಮೀ. ಸಂದಿನಲ್ಲೂ ಕೆಸರು ಗಟ್ಟಿಯಾಗಿ ಕೂತಿತ್ತು. ಇದನ್ನು ಬಿಡುವಂತಿಲ್ಲ. ಹೊಳೆಯುವ ಸ್ಟೀಲ್ ಬಿದ್ದ ಶಾಖದಲ್ಲಿ ಹೆಚ್ಚಿನದನ್ನು ವಾಪಸ್ ಕಳಿಸುತ್ತದೆ, ಕೆಸರು ಮೆತ್ತಿದ್ದು ಹೀರಿಕೊಳ್ಳುತ್ತದೆ. ಸಂದು ತುಂಬಿದರಂತೂ ತಗಡನ್ನು ರಬ್ಬರಿಗೆ ಅಂಟಿಸಿದಂತೆಯೇ. ಗಾಡಿ ತೊಳೆಯುವಾಗ ನೀರನ್ನು ಆ ಸಂದಿಗೆ ಮೇಲಿನಿಂದ ಬಿಡಿ, ಟಿಪ್‌ನ ಸಂದಿಗೂ ಬಿಡಿ, ಆದರೆ ಎಕ್ಸಾಸ್ಟ್ ತಣ್ಣಗಾದ ಮೇಲೆ ಅಂತ ಹೇಳಿ ಕಳಿಸಿದೆ.

ಒಂದು ಕೆಲಸ ಇನ್ನೂ ಬಾಕಿ ಇದೆ. ಅರ್ಧಚಂದ್ರದ ಕೆಳಗೆ ಉಳಿದ ರಬ್ಬರಿನ ಮೂಲೆ ಹೆದ್ದಾರಿಯ ಗಾಳಿಗೆ ಜಾಸ್ತಿ ಬಡಿದುಕೊಳ್ಳುತ್ತಿದೆ, ಅಂಚು ಸುರುಳಿಯಾಗತೊಡಗಿದೆ. ಹಿಂಬದಿಗೆ ಒಂದು ತೆಳು ಸ್ಟೀಲ್ ಪಟ್ಟಿ ಕೊಟ್ಟು ಬಿಗಿ ಮಾಡಬೇಕು. ಆ ಪಟ್ಟಿ ಕೊಟ್ಟ ಮೇಲೆ ಫ್ಲಾಪ್ ಗಾಳಿಗೆ ಮೊದಲಿನಷ್ಟು ಹಿಂದಕ್ಕೆ ಓರೆಯಾಗುವುದಿಲ್ಲ. ಅಂದರೆ ಏರು ಹತ್ತುವಾಗಿನ ಬಿಸಿಯನ್ನು ಹೊಸ ಅಂಟುಪಟ್ಟಿ ಹಾಕಿ ಇನ್ನೊಮ್ಮೆ ಅಳೆಯಬೇಕು. ಮುಂದಿನ ಪ್ರಯಾಣಕ್ಕೆ ಮೊದಲು ಗಾಡಿ ತರಲು ಹೇಳಿದ್ದೇನೆ.